ಎಷ್ಟು ಅಗುಳು

'ಏನೂ ಬದಲಾಗಿಲ್ಲ, ಜಾಗ ಬದಲಾಗಿದೆ ಅಷ್ಟೆ'
ಎಂದು ಬರೆದಿದ್ದಾನೆ ಕಾರ್ವಿನ್.
ನಲವತ್ತೊಂದು ಫೈಲು. ಒಂಬತ್ತು ಸಾವಿರ ಸಾಲು
ಎಡಕ್ಕೆ ಕೆಂಪಾಗಿ ಹೊರಟು ಬಲಕ್ಕೆ ಹಸಿರಾಗಿ ಇಳಿದಿವೆ,
ಮನೆ ಬದಲಿಸುವವರ ಲಾರಿಯಿಂದ
ಮಂಚ, ಕುರ್ಚಿ, ಒರಳು ಇಳಿದ ಹಾಗೆ.

ಮರ್ಸಿ ದ್ವೀಪಕ್ಕೆ ಇರುವುದು ಒಂದೇ ರಸ್ತೆ, ಸ್ಟ್ರೂಡ್.
ದೊಡ್ಡ ಉಬ್ಬರ ಬಂದರೆ ಅದೂ ಇಲ್ಲ.
ಎಷ್ಟು ಹೊತ್ತಿಗೆ ಮುಳುಗುತ್ತದೆ, ಎಷ್ಟಕ್ಕೆ ತಲೆ ಎತ್ತುತ್ತದೆ
ಎಂದು ಹೇಳುವುದೇ ಈ ಪ್ರೋಗ್ರಾಮಿನ ಕೆಲಸ.
ಹನ್ನೊಂದು ವರ್ಷದ ಹಿಂದೆ ನಾನು ಬರೆದದ್ದು,
ಸಿಂಪಿ ಮಾರುವ ಅಂಗಡಿಯ ಮೇಲಿನ ಕೋಣೆಯಲ್ಲಿ,
ಜ್ವರ ಬಿಟ್ಟ ಒಂದು ವಾರ.
ಈಗ ಅದು ಊರ ಬಾವಿ. ಯಾರು ಬೇಕಾದರೂ ಸೇದಬಹುದು.
ಹಗ್ಗ ತುಂಡಾದ ದಿನ ಮಾತ್ರ
ಎಲ್ಲರಿಗೂ ನನ್ನ ಹೆಸರು ನೆನಪಾಗುತ್ತದೆ.

ಕಾರ್ವಿನ್ ಒಳ್ಳೆಯ ಹುಡುಗ. ಮುಖ ನೋಡಿಲ್ಲ.
ನನ್ನ ಗೋಜಲು ಕಂಡು ಅವನಿಗೆ ಸಂಕಟ:
ಒಂದೇ ಅಂಕಿ ಎರಡು ಕಡೆ ಯಾಕೆ?
ಸಾಸಿವೆ ಡಬ್ಬಿಯಲ್ಲಿ ಮೆಂತ್ಯ ಯಾಕೆ?
ಸುರಿದು, ತೊಳೆದು, ಚೀಟಿ ಅಂಟಿಸಿ ಜೋಡಿಸಿದ್ದಾನೆ.
ಪರೀಕ್ಷೆ ಇನ್ನೂರ ಹನ್ನೆರಡು, ಎಲ್ಲವೂ ಹಸಿರು.
'ಇನ್ನೆಷ್ಟು ಬೇಕು?' ಎಂದು ಕೇಳಿದ್ದಾನೆ,
ಮರ್ಯಾದೆಯಿಂದಲೇ.

ಎಷ್ಟು ಬೇಕು?
ಅನ್ನ ಬೆಂದಿತೋ ನೋಡಲು ಒಂದು ಅಗುಳು ಸಾಕು
ಎನ್ನುತ್ತಿದ್ದಳು ನಮ್ಮ ಸೋದರತ್ತೆ, ಹಿಸುಕಿ ತೋರಿಸುತ್ತ.
ಅವಳದು ಒಂದೇ ಪಾತ್ರೆ, ಒಂದೇ ಬೆಂಕಿ.
ಇಲ್ಲಿ ಅಗುಳಿಗೊಂದು ಒಲೆ.
ಇನ್ನೂರ ಹನ್ನೆರಡನ್ನು ಹಿಸುಕಿದವಳೂ ನಾನೇ,
ಎಲ್ಲಿ ಬೆಂದಿದೆ ಎಂದು ಮೊದಲೇ ಗೊತ್ತಿತ್ತೋ
ಅಲ್ಲೇ.

ಭಾನುವಾರ ಗ್ವೆನ್ಡಾ ಪೆಟಿಕನ್ ಬಂದಳು,
ಹುಣ್ಣಾದ ಕಾಲುಗಳಿಗೆ ಪಟ್ಟಿ ಕಟ್ಟಲು
ದಿನಾ ಆಚೆ ದಡಕ್ಕೆ ವ್ಯಾನು ಓಡಿಸುವ ನರ್ಸು.
ಅವಳ ಡೈರಿ ಬೇಕೆಂದಿದ್ದೆ:
ನೀರು ರಸ್ತೆ ಮುಟ್ಟಿದ ಹೊತ್ತು, ಕಣ್ಣಾರೆ ಕಂಡದ್ದು,
ಪೆನ್ಸಿಲಿನಲ್ಲಿ, ಆರು ವರ್ಷದ್ದು.
ಹಳೆಯ ಲೆಕ್ಕ ಒಂದು ಕಿಟಕಿಯಲ್ಲಿ, ಹೊಸದು ಇನ್ನೊಂದರಲ್ಲಿ,
ನಡುವೆ ಅವಳ ಬೆರಳು.
ಜೂನ್ ಸರಿ. ಜುಲೈ ಸರಿ. ಚಹಾ ಆರಿತು.
ಸೆಪ್ಟೆಂಬರಿನ ಹುಣ್ಣಿಮೆ ಕಳೆದ ಮರುದಿನ
ಹಳೆಯದು ಹನ್ನೆರಡು ನಲವತ್ತು ಅನ್ನುತ್ತದೆ.
ಹೊಸದು ಹನ್ನೆರಡು ನಲವತ್ತಾರು.
ಡೈರಿಯೂ ನಲವತ್ತಾರು.

ನಕ್ಕುಬಿಟ್ಟೆ.
ಎರಡು ಕಡೆಯ ಅಂಕಿಯಲ್ಲಿ ಒಂದನ್ನು ಉಳಿಸಿದ್ದಾನೆ ಹುಡುಗ,
ಉಳಿದದ್ದು ಸರಿಯಾದದ್ದು.
ನನ್ನ ಹನ್ನೊಂದು ವರ್ಷದ ತಪ್ಪು
ಅವನಿಗೇ ಗೊತ್ತಿಲ್ಲದೆ ಕಸದ ಜೊತೆ ಹೋಗಿದೆ.

ಗ್ವೆನ್ಡಾ ನಗಲಿಲ್ಲ.
'ದೊಡ್ಡ ಉಬ್ಬರಕ್ಕೆ ನಿನ್ನದು ಆರು ನಿಮಿಷ ಮುಂಚೆ ಹೇಳುತ್ತದೆ,
ನನಗೆ ಗೊತ್ತು.
ಆರು ಸೇರಿಸಿಕೊಂಡೇ ಹೊರಡುತ್ತೇನೆ, ಯಾವಾಗಲೂ.
ಹೇಳದೆ ಸರಿಮಾಡಿದ್ದರೆ?'

ಹನ್ನೆರಡು ಐವತ್ತೆರಡು. ವ್ಯಾನು ನಡುರಸ್ತೆಯಲ್ಲಿ.
ಲೆಕ್ಕ ಸರಿ. ರಸ್ತೆ ಇಲ್ಲ.

ಕಾರ್ವಿನ್, ಇದನ್ನು ಮೂರನೇ ಸಲ ಅಳಿಸಿ ಬರೆಯುತ್ತಿದ್ದೇನೆ.
ಜಾಗ ಬದಲಿಸುತ್ತೇನೆ ಎಂದವನು
ಮುಕ್ಕಾದ ಬಟ್ಟಲನ್ನು ಮುಕ್ಕಾಗಿಯೇ ಒಯ್ದಿಡಬೇಕು;
ಆ ಮುಕ್ಕು ಎಲ್ಲಿದೆಯೆಂದು ತಿಳಿದೇ
ತುಟಿ ಇಟ್ಟು ಕುಡಿಯುವವರಿದ್ದಾರೆ.
ತಿದ್ದೋಣ. ಬೇರೆ ದಿನ, ಡಂಗುರ ಸಾರಿ.
ಎಷ್ಟು ಪರೀಕ್ಷೆ ಎಂದೆಯಲ್ಲ, ನನಗೆ ಗೊತ್ತಿಲ್ಲ.
ಇವತ್ತಿಗೆ ಇನ್ನೂರ ಹದಿಮೂರು.
ಕೊನೆಯದಕ್ಕೆ ಅವಳ ಹೆಸರಿಟ್ಟಿದ್ದೇನೆ.

ಡೈರಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.
ಇನ್ನು ಎಷ್ಟು ಹೊತ್ತಿದೆ ಎಂದು ಪರದೆ ತಿರುಗಿಸಿ ತೋರಿಸಹೋದೆ.
ಅವಳು ಆಗಲೇ ಕಿಟಕಿಯ ಹತ್ತಿರ,
ಕೆಸರಿನಲ್ಲಿ ವಾಲಿದ ದೋಣಿಗಳು
ಯಾವ ಕಡೆ ನೆಟ್ಟಗಾಗುತ್ತಿವೆ ಎಂದು
ನೋಡುತ್ತಿದ್ದಳು.